ಇಪ್ಪತ್ಮೂರನೆಯ ಸೂಚನೆ

ಜನವರಿ 8, ಮಂಗಳವಾರ

ಪಾಲಿನ್ ಹೊರಟೇಹೋದಳು. ಹನ್ನೊಂದು ವರ್ಷ ನನ್ನನ್ನು ಎತ್ತಿ ಇಳಿಸಿ, ತೊಳೆದು ಒರೆಸಿದವಳು, ಮೊಣಕಾಲು ಸವೆದವು ಎಂದು ಫ್ಲಾರಿಡಾದ ಬಿಸಿಲಿಗೆ ಹೋಗಿ ಕೂತಳು. ಲೂಯಿಸ್ಟನ್ನಿನ ಚಳಿಯಲ್ಲಿ ನಾನು ಉಳಿದೆ.

ಇನ್ನು ಹೊಸಬರನ್ನು ನಾನೇ ಹುಡುಕಬೇಕು. ಸರ್ಕಾರದ ಆರೋಗ್ಯ ನೆರವಿನಲ್ಲಿ ಎರಡು ದಾರಿ ಇವೆ. ಅವರು ಕಳಿಸಿದವರನ್ನು ಒಪ್ಪಿಕೊಳ್ಳುವುದು ಒಂದು, ನನಗೆ ಬೇಕಾದವರನ್ನು ನಾನೇ ಇಟ್ಟುಕೊಳ್ಳುವುದು ಇನ್ನೊಂದು. ನಾನು ಎರಡನೆಯದರವಳು. ಆರಿಸುವವಳು, ಕಲಿಸುವವಳು, ಬೇಡವಾದರೆ ಬಿಡಿಸುವವಳು ಎಲ್ಲ ನಾನೇ. ಕಚೇರಿಯ ಹೆಂಗಸು ಫೋನಿನಲ್ಲಿ, ಯಜಮಾನಿ ನೀವು, ದಿನಾ ಏನಾಯಿತು ಅಂತ ಬರೆದಿಟ್ಟುಕೊಳ್ಳಿ ಅಂದಳು. ಅದಕ್ಕೇ ಈ ಪುಸ್ತಕ.

ಜೋಡು ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಹದಿನಾಲ್ಕು ವರ್ಷ ಮೇಸ್ತ್ರಿಯಾಗಿದ್ದವಳು ನಾನು, ರೊಲಾಂಡ್ ಗಾನ್ಯೆ. ನಲವತ್ತು ಹೆಂಗಸರನ್ನು ಕಣ್ಣಲ್ಲೇ ಹದ್ದುಬಸ್ತಿನಲ್ಲಿಟ್ಟಿದ್ದೆ. ಈಗ ನರಗಳ ಕಾಯಿಲೆ ಸೊಂಟದ ಕೆಳಗೆ ಎಲ್ಲವನ್ನೂ ಕಿತ್ತುಕೊಂಡಿದೆ. ಎಡಗೈ ಮುಷ್ಕರ ಹೂಡಿದೆ. ಬಲಗೈ ಇನ್ನೂ ಮಾತು ಕೇಳುತ್ತದೆ. ಕಣ್ಣು ಮಾತ್ರ, ಮನಸ್ಸು ಕದಡಿದಾಗ ಕೈಕೊಡುತ್ತದೆ. ಆದರೂ ಒಬ್ಬಳೇ ಒಬ್ಬಳನ್ನು ಆಳುವುದು ಎಷ್ಟರ ಕೆಲಸ?

ಜನವರಿ 11, ಶುಕ್ರವಾರ

ನಾಲ್ವರು ಬಂದರು. ಒಬ್ಬಳಿಗೆ ನನ್ನ ಬೆಕ್ಕು ಕಂಡರೆ ಭಯ. ಇನ್ನೊಬ್ಬಳು ನನಗಾಗಿ ಪ್ರಾರ್ಥಿಸುತ್ತೇನೆ ಅಂದಳು, ಎತ್ತುತ್ತೀಯಾ ಅಂತ ಕೇಳಿದರೆ ಬೆನ್ನು ನೋವು ಅಂದಳು. ಮೂರನೆಯವಳು ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. ನಾಲ್ಕನೆಯವಳು ತಲೆಗೆ ಬಟ್ಟೆ ಸುತ್ತಿಕೊಂಡ, ಎತ್ತರದ, ಮಾತು ಕಡಿಮೆಯ ಹೆಂಗಸು. ಹೆಸರು ಉಬಾ. ಮೂವತ್ತೈದಿರಬಹುದು. ಎತ್ತುವ ಯಂತ್ರವನ್ನು ಒಮ್ಮೆ ಸುತ್ತಿ ನೋಡಿ, ಮೈ ಹೊರುವ ಜೋಳಿಗೆಯ ಪಟ್ಟಿ ಒಂದು ಕಡೆ ಸವೆದಿದೆ ಅಂದಳು. ಹನ್ನೊಂದು ವರ್ಷದಲ್ಲಿ ಪಾಲಿನ್ ಅದನ್ನು ನೋಡಿರಲಿಲ್ಲ.

ಸೋಮವಾರದಿಂದ ಬಾ ಅಂದೆ. ಬೆಳಗ್ಗೆ ಏಳರಿಂದ, ಮತ್ತೆ ಸಂಜೆ ನಾಲ್ಕರಿಂದ. ಶನಿವಾರ ಭಾನುವಾರ, ಮೇಲಿನ ಮಹಡಿಯ ಫರ್ನಾಂಡನ ತಂಗಿಮಗಳು ಜಿಸೆಲ್ ಬರುತ್ತಾಳೆ.

ಇಪ್ಪತ್ತು ಸೂಚನೆಗಳ ಪಟ್ಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಜನವರಿ 16, ಬುಧವಾರ

ನಾಚಿಕೆಯಿಂದ ಇನ್ನೂ ಕಿವಿ ಬಿಸಿಯಾಗಿದೆ.

ಫರ್ನಾಂಡ್ ಕಾಫಿಗೆ ಇಳಿದು ಬಂದಿದ್ದ. ಎಪ್ಪತ್ತೊಂದಾದರೂ ನಾಲಿಗೆಗೆ ಹದಿನೆಂಟು. ಉಬಾ ಪಾತ್ರೆ ತೊಳೆಯುತ್ತಿದ್ದಳು. ನಾವಿಬ್ಬರೂ, ಅಜ್ಜಂದಿರು ಗಡಿಯಾಚೆಯಿಂದ ತಂದ ನಮ್ಮ ಫ್ರೆಂಚಿನಲ್ಲಿ ಅವಳ ಬಗ್ಗೆ ಆರಾಮಾಗಿ ಮಾತಾಡಿಕೊಂಡೆವು. ಎತ್ತರ ನೋಡು, ಬಲ್ಬು ಬದಲಿಸಲು ಏಣಿ ಬೇಡ ಅಂದ ಅವನು. ಬಾಯಿ ಇದೆಯೋ ಇಲ್ಲವೋ, ಮೂಕ ಪ್ರಾಣಿ ಅಂದೆ ನಾನು. ಉಬಾ ಕೈ ಒರೆಸಿಕೊಂಡು ತಿರುಗಿ, ಶಾಲೆಯಲ್ಲಿ ಕಲಿತ ಅಚ್ಚುಕಟ್ಟು ಫ್ರೆಂಚಿನಲ್ಲಿ, "ಬಾಯಿ ಇದೆ ಹಬೊ. ಕೇಳಿದ್ರೆ ಮಾತಾಡ್ತೀನಿ. ಕಾಫಿ ಇನ್ನೊಂದು ಲೋಟ ಹಾಕ್ಲಾ?" ಅಂದಳು.

ಜಿಬೂತಿ ದೇಶದವಳಂತೆ. ಅಲ್ಲಿ ಶಾಲೆ ಫ್ರೆಂಚಿನಲ್ಲೇ. ಅಡುಗೆಮನೆಯಲ್ಲಿ ಕಲಿತ ನಮ್ಮ ಫ್ರೆಂಚು ಅವಳ ಮುಂದೆ ಹರಕು ಚೀಲದ ಹಾಗೆ ಕಂಡಿತು. ಫರ್ನಾಂಡ್ ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮುತ್ತ ಮೇಲೆ ಹೋದ.

ಹಬೊ ಅಂದರೆ ಅವಳ ಭಾಷೆಯಲ್ಲಿ ಚಿಕ್ಕಮ್ಮ. ನಾನು ಯಾರ ಚಿಕ್ಕಮ್ಮನೂ ಅಲ್ಲ. ಪಟ್ಟಿಗೆ ಇಪ್ಪತ್ತೊಂದನೆಯದು ಸೇರಿಸಿದೆ: ಹಬೊ ಅನ್ನಬಾರದು, ಮದಾಮ್ ಗಾನ್ಯೆ ಅನ್ನಬೇಕು.

ಜನವರಿ 22, ಮಂಗಳವಾರ

ಏಳಕ್ಕೆ ಬರಬೇಕಾದವಳು ಏಳು ಹನ್ನೆರಡಕ್ಕೆ ಬಂದಳು. ಹನ್ನೆರಡು ನಿಮಿಷ ಒದ್ದೆ ಹಾಸಿಗೆಯಲ್ಲಿ, ಮಗ್ಗುಲು ಬದಲಿಸಲೂ ಆಗದೆ ಬಿದ್ದಿದ್ದೆ. ಏನೋ ಹೇಳಲು ಬಾಯಿ ತೆರೆದಳು. ಬೇಡ ಅಂದೆ. ಮೇಸ್ತ್ರಿಯಾದವಳು ಕಾರಣ ಕೇಳಬಾರದು. ಕೇಳಿದರೆ ನಾಳೆಯೂ ಒಂದು ಹುಟ್ಟುತ್ತದೆ. ಇಪ್ಪತ್ತೆರಡು: ತಡವಾದರೆ ಕಾರಣ ಹೇಳಬಾರದು.

ಅಂಗಿ ತೊಡಿಸಲು ಒಂಬತ್ತು ನಿಮಿಷ ತೆಗೆದುಕೊಂಡಳು. ಎಡಗೈ ಮಡಚುವುದೇ ಇಲ್ಲ, ಎಳೆದರೆ ನಿಮಗೆ ನೋವಾಗುತ್ತದೆ ಅನ್ನುತ್ತಾಳೆ. ನೆಪ. ಮುದಿ ಹಸುವಿನಷ್ಟು ನಿಧಾನ.

ಜನವರಿ 31, ಗುರುವಾರ

ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟಿದೆ. ಉಬಾ ಹಂದಿಮಾಂಸದ ಕಡುಬನ್ನು ಕೈಗವಸು ಹಾಕಿಕೊಂಡು ಬಿಸಿ ಮಾಡಿದಳು, ಸತ್ತ ಇಲಿಯನ್ನು ಹಿಡಿದ ಹಾಗೆ. ಸಂಜೆ ಗೋಡೆಯ ಕಡೆ ತಿರುಗಿ ಐದು ನಿಮಿಷ ನಮಾಜು ಮಾಡಿದಳು. ಬರೆದಿಟ್ಟಿದ್ದೇನೆ.

ನನ್ನ ಕಾಲುಚೀಲವನ್ನು ಹೀಟರಿನ ಮೇಲೆ ಕಾಯಿಸಿ ತೊಡಿಸುತ್ತಾಳೆ. ನನಗೆ ಅಲ್ಲಿ ಬಿಸಿಯೂ ಗೊತ್ತಾಗುವುದಿಲ್ಲ, ತಣ್ಣಗೂ ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಇದು ಇಲ್ಲ. ಹೇಳದೇ ಇದ್ದದ್ದನ್ನು ಮಾಡುವುದೂ ತಪ್ಪೇ. ಅದನ್ನೂ ಬರೆದಿಟ್ಟಿದ್ದೇನೆ.

ಫೆಬ್ರುವರಿ 6, ಬುಧವಾರ

ಇದನ್ನೂ ಬರೆಯಬೇಕು.

ಮಧ್ಯಾಹ್ನ ಒಂದರ ಸುಮಾರಿಗೆ ಗಾಲಿಕುರ್ಚಿಯಿಂದ ಜಾರಿ ಅಡುಗೆಮನೆಯ ನೆಲಕ್ಕೆ ಬಿದ್ದೆ. ಶೆಲ್ಫಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಗೆ ಕೈಚಾಚಿದ್ದೆ. ಫೋನು ಮೇಜಿನ ಮೇಲೆ ಉಳಿಯಿತು. ಕೂಗಿದೆ. ಫರ್ನಾಂಡನ ಟಿವಿ ನನಗಿಂತ ಜೋರಾಗಿ ಕೂಗುತ್ತಿತ್ತು. ಮೂರು ತಾಸು ಕೆನ್ನೆ ನೆಲಕ್ಕೆ ಅಂಟಿಕೊಂಡು ಬಿದ್ದಿದ್ದೆ. ಒಲೆಯ ಕೆಳಗೆ ಪಾಲಿನ್ ಕಳೆದುಕೊಂಡ ಪೆನ್ಸಿಲ್ ಇತ್ತು. ಅದನ್ನೇ ನೋಡುತ್ತಿದ್ದೆ. ನಡುವೆ ಹೊಟ್ಟೆ ಹಿಡಿತ ತಪ್ಪಿತು. ಎಲ್ಲ ಅಲ್ಲೇ ಆಯಿತು. ಬೆಕ್ಕು ಕೂಡ ದೂರ ಹೋಗಿ ಕೂತಿತು.

ನಾಲ್ಕಕ್ಕೆ ಉಬಾ ಬಂದಳು. ಕಿರುಚಲಿಲ್ಲ. ಯಂತ್ರವನ್ನೂ ತಕ್ಷಣ ತರಲಿಲ್ಲ. ಆ ಹೊಲಸಿನ ಪಕ್ಕದಲ್ಲೇ ನೆಲಕ್ಕೆ ಕೂತು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಎತ್ತಿದಳು, ತೊಳೆದಳು, ನೆಲ ಒರೆಸಿದಳು. ಏನೋ ಗುನುಗುತ್ತಿದ್ದಳು. ಐವತ್ತು ನಿಮಿಷ ಹಿಡಿಯಿತು.

ಯಾರಿಗೂ ಹೇಳಕೂಡದು ಅಂದೆ. ತಲೆಯಾಡಿಸಿದಳು.

ಬ್ರೇಕು ಸರಿಯಾಗಿ ಬಿದ್ದಿರಲಿಲ್ಲ. ಬೆಳಗ್ಗೆ ಹಾಕಿದವಳು ಇವಳು. ತಪ್ಪು ಇವಳದು.

ಫೆಬ್ರುವರಿ 20, ಬುಧವಾರ

ವರ್ಷಕ್ಕೊಮ್ಮೆ ಬರುವ ನರ್ಸಮ್ಮ, ಮಿಸ್ ಹೋಲ್ಬ್ರೂಕ್, ಬಂದು ಹೋದಳು. ನನಗೆ ವಾರಕ್ಕೆ ಎಷ್ಟು ತಾಸಿನ ಆರೈಕೆ ಬೇಕು ಅಂತ ನೋಡಿ ಬರೆಯುವವಳು ಇವಳೇ. ನಾನು ಈ ಮನೆಯಲ್ಲಿ ಇರಬಹುದೋ, ಗುಡ್ಡದ ಮೇಲಿನ ಶುಶ್ರೂಷಾಲಯಕ್ಕೆ ಹೋಗಬೇಕೋ ಎಂಬುದೂ ಇವಳ ಕಾಗದದಲ್ಲೇ ಇದೆ. ಅಮ್ಮ ಆ ಗುಡ್ಡದ ಮೇಲೆ ಎರಡು ವರ್ಷ ಗೋಡೆ ನೋಡುತ್ತ ಮಲಗಿದ್ದಳು. ನೋಡಲು ಹೋದಾಗಲೆಲ್ಲ, ನನ್ನ ಜೋಡು ಎಲ್ಲಿ, ಮನೆಗೆ ಹೋಗೋಣ ಅನ್ನುತ್ತಿದ್ದಳು. ಸತ್ತರೂ ನಾನು ಅಲ್ಲಿಗೆ ಹೋಗುವುದಿಲ್ಲ.

ಅದಕ್ಕೇ ನಿನ್ನೆ ಜಿಸೆಲ್‌ಳಿಂದ ಕೂದಲು ಸುರುಳಿ ಮಾಡಿಸಿದೆ. ತುಟಿಗೆ ಬಣ್ಣ ಹಚ್ಚಿಸಿಕೊಂಡೆ, ನೀಲಿ ಅಂಗಿ ಹಾಕಿಸಿಕೊಂಡೆ. ಬೆಳಗ್ಗೆ ಪಟ್ಟಿಗೆ ಇಪ್ಪತ್ಮೂರನೆಯದು ಬರೆದೆ: ನರ್ಸ್ ಇರುವಾಗ ಬಾಯಿ ಬಿಡಬಾರದು. ಉಬಾ ಅದನ್ನು ಎರಡು ಸಲ ಓದಿದಳು.

ತೊಂಬತ್ತು ದಿನದಲ್ಲಿ ಬಿದ್ದದ್ದು ಉಂಟಾ ಅಂತ ಕೇಳಿದಳು ನರ್ಸಮ್ಮ. ಇಲ್ಲವೇ ಇಲ್ಲ ಅಂದೆ. ಹೊಟ್ಟೆ, ಮೂತ್ರದ ಹಿಡಿತ ತಪ್ಪುತ್ತದಾ? ಯಾವತ್ತೂ ಇಲ್ಲ. ಅಂಗಿ ನೀವೇ ತೊಡುತ್ತೀರಾ? ಸ್ವಲ್ಪ ಆಸರೆ ಇದ್ದರೆ ಸಾಕು. ಊಟ ಬಿಸಿ ಮಾಡಿಕೊಳ್ಳುತ್ತೀರಾ? ಇಡೀ ಹೊಲಿಗೆ ವಿಭಾಗ ನಡೆಸಿದವಳು ನಾನಮ್ಮಾ, ಅಂದೆ. ನಕ್ಕಳು. ನಾನೂ ನಕ್ಕೆ. ಉಬಾ ಒಲೆಯ ಮುಂದೆ ನಿಂತು ಸೂಪು ಕದಡುತ್ತಿದ್ದಳು. ಅದನ್ನು ಅಷ್ಟು ಹೊತ್ತು ಕದಡುವ ಅಗತ್ಯವೇ ಇರಲಿಲ್ಲ.

ಗೆದ್ದೆ ಅನ್ನಿಸಿತು.

ಮಾರ್ಚ್ 7, ಗುರುವಾರ

ಕಾಗದ ಬಂತು. ಮೂರು ಸಲ ಓದಿದೆ. ನಾಲ್ಕನೆಯ ಸಲಕ್ಕೆ ಅಕ್ಷರ ಈಜತೊಡಗಿದವು, ಉಬಾಳಿಂದ ಓದಿಸಿದೆ.

ವಾರಕ್ಕೆ ನಲವತ್ತೆರಡು ತಾಸು ಇದ್ದದ್ದು ಹದಿನೆಂಟಕ್ಕೆ ಇಳಿದಿದೆ.

ಫಲಾನುಭವಿ ತಾವೇ ತಿಳಿಸಿರುವಂತೆ ಬಿದ್ದಿರುವುದಿಲ್ಲ. ತಾವೇ ತಿಳಿಸಿರುವಂತೆ ದೇಹದ ಹಿಡಿತ ಇರುತ್ತದೆ. ತಾವೇ ತಿಳಿಸಿರುವಂತೆ ಅಲ್ಪ ಆಸರೆ ಸಾಕಾಗುತ್ತದೆ. ಎಂಟು ಕಡೆ ತಾವೇ ತಿಳಿಸಿರುವಂತೆ.

ಹದಿನೆಂಟು ತಾಸಿನಲ್ಲಿ ಎಬ್ಬಿಸುವವರಿದ್ದರೆ ಮಲಗಿಸುವವರಿಲ್ಲ. ಗುಡ್ಡದ ಮೇಲಿನ ಮನೆಗೆ ಹೆದರಿ ಸುಳ್ಳು ಹೇಳಿದೆ. ಆ ಸುಳ್ಳೇ ಈಗ ನನ್ನನ್ನು ಗುಡ್ಡ ಹತ್ತಿಸುತ್ತಿದೆ. ನಾನು ಚೆನ್ನಾಗಿಲ್ಲ ಎಂದು ಹೇಳಿದವರನ್ನೇ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲವಲ್ಲ.

ಮಾರ್ಚ್ 8, ಶುಕ್ರವಾರ

ನಾನು ಇವತ್ತು ಮಾಡಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಬೆಳಗ್ಗೆ ಉಬಾ ನನ್ನನ್ನು ಜೋಳಿಗೆಗೆ ಹಾಕಿ ಯಂತ್ರದಿಂದ ಎತ್ತಿದಳು. ಹಾಸಿಗೆಯಿಂದ ಮೇಲೆ, ಕುರ್ಚಿಗೆ ಇನ್ನೂ ಬಂದಿಲ್ಲ, ನಡುವೆ ನೇತಾಡುತ್ತಿದ್ದೆ. ರಾತ್ರಿಯಿಡೀ ಕುದ್ದದ್ದೆಲ್ಲ ಆಗಲೇ ಉಕ್ಕಿತು.

"ನೀನು ಎಲ್ಲ ನೋಡಿದ್ದೆ. ನೆಲದ ಮೇಲೆ ನನ್ನನ್ನ ನೋಡಿದ್ದೆ. ಆ ನರ್ಸಮ್ಮನ ಮುಂದೆ ಒಂದು ಮಾತು ಆಡೋಕೆ ನಿನಗೇನಾಗಿತ್ತು?"

"ಪಟ್ಟೀಲಿ ಇಪ್ಪತ್ಮೂರನೇದು, ಮದಾಮ್," ಅಂದಳು.

ಅಷ್ಟೇ ಹೇಳಿದ್ದು. ನನಗೆ ತಡೆಯಲಾಗಲಿಲ್ಲ. ಬುದ್ಧಿ ಅನ್ನೋದು ಇಲ್ಲವಾ, ಹೇಳಿದ್ದನ್ನೆಲ್ಲ ಹಾಗೇ ಮಾಡುವುದಾ ಅಂತ ಕೂಗಾಡಿದೆ. ಕೊನೆಗೆ, "ನಿನ್ನ ಕೆಲಸ ಮುಗೀತು. ನಾಳೆಯಿಂದ ಬರ್ಬೇಡ," ಅಂದೆ. ಮೂರಡಿ ಎತ್ತರದಲ್ಲಿ, ಮಂಡಿ ಎದೆಗೆ ತಾಗಿಕೊಂಡು, ರಾತ್ರಿಯ ಅಂಗಿ ಮೇಲೆ ಸರಿದು ನೇತಾಡುತ್ತಿರುವವಳು ಹೇಳಿದ ಮಾತು ಇದು. ಯಂತ್ರದ ಗುಂಡಿ ಅವಳ ಕೈಯಲ್ಲಿತ್ತು.

ಅವಳು ಗುಂಡಿಯಿಂದ ಬೆರಳು ತೆಗೆದಳು. ಆಗ ಭಯವಾಯಿತು. ಇವಳು ಹೀಗೇ ಬಿಟ್ಟು ಹೋದರೆ? ಫೋನು ಹಾಸಿಗೆಯ ಮೇಲಿತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಿಟ್ಟು ಹೋಗುತ್ತಿದ್ದೆ. ಈ ಯೋಚನೆ ಬಂದದ್ದೇ ನನಗೆ ದಿಗಿಲಾಯಿತು.

"ಮೊದಲು ಇಳಿಸ್ತೀನಿ," ಅಂದಳು.

ಇಳಿಸಿದಳು. ಮೈ ಒರೆಸಿದಳು, ಅಂಗಿ ತೊಡಿಸಿದಳು, ಕಾಲುಚೀಲ ಕಾಯಿಸಿದಳು. ಶುಕ್ರವಾರದ ಮೀನಿನ ಸೂಪು ಮಾಡಿ, ಎರಡು ಹೊತ್ತಿಗಾಗುವಷ್ಟು ಫ್ಲಾಸ್ಕಿಗೆ ಹಾಕಿಟ್ಟಳು. ಬ್ರೇಕು ಹಾಕಿ, ಬಿದ್ದಿದೆಯಾ ಅಂತ ಒಮ್ಮೆ ಅಲ್ಲಾಡಿಸಿ ನೋಡಿದಳು. ಫೋನು ನನ್ನ ತೊಡೆಯ ಮೇಲೆ ಇಟ್ಟಳು. ಪಟ್ಟಿಯಲ್ಲಿದ್ದ ಕೆಲಸ ಒಂದನ್ನೂ ಬಿಡಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಹೋದಳು.

ಬ್ರೇಕಿನ ಶಬ್ದ ಇನ್ನೂ ಕಿವಿಯಲ್ಲಿದೆ.

ಮಾರ್ಚ್ 12, ಮಂಗಳವಾರ

ಜಿಸೆಲ್ ತನ್ನ ಲಾಂಡ್ರಿ ಕೆಲಸಕ್ಕೆ ಮೊದಲು ಐದಕ್ಕೆ ಬಂದು ಎಬ್ಬಿಸುತ್ತಾಳೆ. ಮಧ್ಯಾಹ್ನ ಮೂರಕ್ಕೇ ಮಲಗಿಸಿ ಹೋಗುತ್ತಾಳೆ. ಬಿಸಿಲು ಕಿಟಕಿಯಲ್ಲಿ ನಿಂತಿರುತ್ತದೆ, ನಾನು ಮಲಗಿರುತ್ತೇನೆ. ಗೋಡೆ ನೋಡುತ್ತೇನೆ.

ಮಾರ್ಚ್ 14, ಗುರುವಾರ

ಮೇಲ್ಮನವಿ ಹಾಕಿದೆ. ತೀರ್ಪು ಬರುವವರೆಗೆ ಹಳೆಯ ತಾಸುಗಳೇ ಇರುತ್ತವಂತೆ. ತಾಸು ಇದೆ, ಜನ ಇಲ್ಲ. ಏಪ್ರಿಲ್ ಮೂರಕ್ಕೆ ಫೋನಿನಲ್ಲೇ ವಿಚಾರಣೆ. ಬಡವರಿಗೆ ಕಾನೂನು ಹೇಳಿಕೊಡುವ ಹೆಂಗಸೊಬ್ಬಳು ಎರಡೇ ಪ್ರಶ್ನೆ ಕೇಳಿದಳು. ದಿನದಿನ ಏನಾಯಿತು ಅಂತ ಬರೆದಿಟ್ಟದ್ದು ಉಂಟಾ? ಕಣ್ಣಾರೆ ನೋಡಿದವರು ಯಾರಾದರೂ ಉಂಟಾ?

ಬರೆದದ್ದು ಉಂಟು. ಈ ಪುಸ್ತಕ ತೆರೆದು ಮೊದಲಿಂದ ಓದಿದೆ. ಒದ್ದೆ ಹಾಸಿಗೆ, ಮಡಚದ ಕೈ, ಮೂರು ತಾಸು ನೆಲ. ನನಗೆ ಏನೇನು ಆಗುವುದಿಲ್ಲ ಅನ್ನುವುದೆಲ್ಲ ಇದರಲ್ಲಿದೆ. ಆದರೆ ಒಂದೊಂದೂ ಉಬಾಳ ತಪ್ಪಿನ ಒಳಗೆ ಕೂತಿದೆ. ಅವಳನ್ನು ಬೈದ ಸಾಲಿಲ್ಲದೆ ನನ್ನ ಸತ್ಯದ ಒಂದು ಸಾಲೂ ಇಲ್ಲ.

ಫರ್ನಾಂಡನಿಗೆ ತೋರಿಸಿದೆ. ಓದಿ ತಲೆ ಕೆರೆದುಕೊಂಡ. "ಇದು ಅವಳ ಮೇಲಿನ ದೂರಲ್ಲ ಕಣೇ, ನಿನ್ನ ಮೇಲಿಂದೇ," ಅಂದ. ಸಾಕ್ಷಿಗೆ ಅವಳನ್ನೇ ಕರಿ ಅಂದ. ನಾನು ಕರೆಯುವುದಿಲ್ಲ ಅಂದೆ. ಹಾಗಾದ್ರೆ ಗುಡ್ಡದ ಮೇಲೆ ಜಾಗ ಖಾಲಿ ಇದೆಯಾ ಕೇಳಿ ಬರ್ಲಾ ಅಂದ, ಹಾಳಾದವನು.

ಮಾರ್ಚ್ 19, ಮಂಗಳವಾರ

ಫೋನಿಗೆ ಮೂರು ಸಲ ಕೈಹಾಕಿ ಬಿಟ್ಟೆ. ಕೊನೆಗೆ ಫರ್ನಾಂಡನ ಜೊತೆ ಕುರ್ಚಿಯಲ್ಲೇ ಹೊರಟೆ. ಕರಗಿದ ಹಿಮದ ರಾಡಿಯಲ್ಲಿ ಚಕ್ರ ಹೂತು ಹೂತು, ಕಾಲುವೆ ದಾಟುವಷ್ಟರಲ್ಲಿ ಅವನ ಉಸಿರು ಹೋಗಿತ್ತು, ನನ್ನ ಮರ್ಯಾದೆಯೂ.

ಉಬಾ ಮೂರನೆಯ ಮಹಡಿಯಲ್ಲಿದ್ದಾಳೆ. ಮೆಟ್ಟಿಲು ಮಾತ್ರ. ಕಟ್ಟಡದ ಮುಂದೆ ನಿಂತಾಗ ನನಗೆ ಹೊಳೆಯಿತು, ಎಂಟು ವಾರ ಅವಳು ದಿನಕ್ಕೆ ಎರಡು ಸಲ ಈ ಮೆಟ್ಟಿಲು ಇಳಿದು, ಈ ಸೇತುವೆ ದಾಟಿ, ನಡೆದು ಬರುತ್ತಿದ್ದಳು. ಎಲ್ಲಿಂದ ಬರುತ್ತಾಳೆ ಎಂದೂ ನಾನು ಕೇಳಿರಲಿಲ್ಲ.

ಫರ್ನಾಂಡ್ ಹತ್ತಿ ಹೋಗಿ ಕರೆದ. ಇಳಿದು ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆಲ್ಲ ಮರೆತುಹೋಯಿತು. ಕೆಲಸ ಇದೆ, ಬರ್ತೀಯಾ ಅಂದುಬಿಟ್ಟೆ, ಕಾರ್ಖಾನೆಯ ಬಾಗಿಲಲ್ಲಿ ನಿಂತ ಹಾಗೆ.

ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ ಅಂದಳು. ಅಲ್ಲಿಯ ಹಾಸಿಗೆಗಳು ಬೈಯುವುದಿಲ್ಲ ಅಂತಲೂ ಅಂದಳು. ಫರ್ನಾಂಡ್ ನಕ್ಕುಬಿಟ್ಟ. ಆಮೇಲೆ ನಾನು ವಿಚಾರಣೆಯ ವಿಷಯ ಹೇಳಿದೆ. ಪುಸ್ತಕದ ವಿಷಯ ಹೇಳಲಿಲ್ಲ.

"ಕೆಲಸಕ್ಕೆ ಬರಲ್ಲ ಮದಾಮ್. ವಿಚಾರಣೆಗೆ ಬರ್ತೀನಿ. ಆದ್ರೆ ಕೇಳಿದ್ದಕ್ಕೆಲ್ಲ ನಿಜಾನೇ ಹೇಳ್ತೀನಿ. ಅವತ್ತು ಪಟ್ಟಿ ಇರಲ್ಲ."

ಕ್ಷಮಿಸು ಅನ್ನಬೇಕಿತ್ತು. ಚಳಿ ಜಾಸ್ತಿ ಇದೆ, ಮೇಲೆ ಹೋಗು ಅಂದೆ.

ಏಪ್ರಿಲ್ 3, ಬುಧವಾರ

ಆದದ್ದು ಆದ ಹಾಗೇ ಬರೆಯುತ್ತೇನೆ.

ಹತ್ತಕ್ಕೆ ಫೋನು ಬಂತು. ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟೆವು. ವಿಚಾರಣಾಧಿಕಾರಿಯದು ಮೆತ್ತಗಿನ, ದಣಿದ ದನಿ. ಇನ್ನೊಂದು ತುದಿಯಲ್ಲಿ ನರ್ಸಮ್ಮ ಇದ್ದಳು. ಉಬಾ ನನ್ನ ಎದುರು ಕೂತಿದ್ದಳು, ಕೋಟು ಬಿಚ್ಚಿರಲಿಲ್ಲ.

ನರ್ಸಮ್ಮ ತಾನು ಕೇಳಿದ್ದನ್ನು, ನಾನು ಹೇಳಿದ್ದನ್ನು ಓದಿದಳು. ಒಂದಕ್ಷರ ಸುಳ್ಳಿಲ್ಲ. ಹೇಳಿದವಳು ನಾನೇ. ಅಧಿಕಾರಿ, ಈಗ ಬೇರೆ ಹೇಳುತ್ತಿದ್ದೀರಿ, ಇದಕ್ಕೆ ಆಗಲೇ ಬರೆದಿಟ್ಟ ಆಧಾರವೇನಾದರೂ ಇದೆಯೇ ಎಂದು ಕೇಳಿದ. ಇದೆ ಅಂದೆ. ದಯವಿಟ್ಟು ಓದಿ ಅಂದ.

ಬೇಕಾದಷ್ಟನ್ನು ಮಾತ್ರ ಆರಿಸಿ ಓದುವುದೆಂದು ನಿನ್ನೆಯೇ ಲೆಕ್ಕ ಹಾಕಿದ್ದೆ. ಪುಸ್ತಕ ತೆರೆದೆ. ಅಕ್ಷರ ಈಜಿದವು. ಕಣ್ಣುಜ್ಜಿಕೊಂಡೆ. ಪುಟವೆಲ್ಲ ಬೂದಿಬಣ್ಣದ ನೀರಾಯಿತು. ನನಗೆ ಕಾಣಿಸುತ್ತಿಲ್ಲ ಅಂದೆ. ನಿಮ್ಮ ಜೊತೆ ಇರುವವರು ಓದಬಹುದೇ ಎಂದು ಅಧಿಕಾರಿ ಕೇಳಿದ. ಅದು ಫ್ರೆಂಚಿನಲ್ಲಿದೆ ಅಂದೆ, ಅದೊಂದು ಬೇಲಿ ಎಂಬ ಹಾಗೆ. ಉಬಾ ಕೈ ನೀಡಿದಳು. "ನಂಗೆ ಓದೋಕೆ ಬರುತ್ತೆ. ಇಂಗ್ಲಿಷಿಗೆ ಮಾಡಿ ಹೇಳ್ತೀನಿ, ಸರ್."

ಪುಸ್ತಕ ನನ್ನ ಕೈಯಲ್ಲೇ ಇತ್ತು. ಬಿಡಲು ಆಗಲಿಲ್ಲ. ಅವಳು ಎಳೆಯಲಿಲ್ಲ, ಕಾದಳು. ಕೊನೆಗೆ ನನ್ನ ಬೆರಳು ತಾನಾಗಿ ಸಡಿಲವಾಯಿತು.

ಓದಿದಳು. ಒಂದು ಸಾಲೂ ಬಿಡದೆ ಓದಿದಳು. ಮೂಕ ಪ್ರಾಣಿ ಅಂದದ್ದನ್ನು ಓದಿದಳು. ಹನ್ನೆರಡು ನಿಮಿಷ ತಡ, ಒದ್ದೆ ಹಾಸಿಗೆ. ಎಡಗೈ ಮಡಚದು, ನೆಪ. ಮುದಿ ಹಸುವಿನಷ್ಟು ನಿಧಾನ.

"ಕ್ಷಮಿಸಿ, ಈ ಮುದಿ ಹಸು ಅಂದ್ರೆ ಯಾರು?" ಅಂತ ಕೇಳಿದ ಅಧಿಕಾರಿ.

"ನಾನೇ, ಸರ್," ಅಂದು ಉಬಾ ಪುಟ ತಿರುಗಿಸಿದಳು.

ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಅವಳ ದನಿ ನಡುಗಲಿಲ್ಲ, ಅದೇ ನನಗೆ ತಡೆಯಲಾಗದ್ದು. ಕಾಲುಚೀಲದ್ದು ಬಂದಾಗ ಮಾತ್ರ ಸ್ವಲ್ಪ ತಡೆದಳು. ಹೇಳದೇ ಇದ್ದದ್ದನ್ನು ಮಾಡುವುದೂ ತಪ್ಪೇ, ಎಂದು ಓದಿ ಒಮ್ಮೆ ನನ್ನ ಕಾಲಿನ ಕಡೆ ನೋಡಿದಳು.

ಆಮೇಲೆ ನಿಂತಳು. ಮುಂದಿನ ಪುಟ ಫೆಬ್ರುವರಿ ಆರರದು ಎಂದು ನನಗೆ ಗೊತ್ತಿತ್ತು.

ಮುಂದೆ ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದ. ಉಬಾ ನನ್ನನ್ನೇ ನೋಡಿದಳು. ಯಾರಿಗೂ ಹೇಳಕೂಡದು ಅಂದಿದ್ದೆನಲ್ಲ. ನಿಜ ಹೇಳುತ್ತೇನೆ ಅಂದವಳು, ನನ್ನಿಂದ ಅಷ್ಟು ಬೈಗುಳ ತಿಂದವಳು, ಆ ಮಾತನ್ನು ಇನ್ನೂ ಕಾಯುತ್ತಿದ್ದಳು. ಬೇಡ ಅಂತ ನಾನು ತಲೆಯಾಡಿಸಿದ್ದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. ನನಗೆ ಖಂಡಿತ ಗೊತ್ತು.

"ಓದು," ಅಂದೆ. "ಅದನ್ನೂ ಓದು."

ಓದಿದಳು. ಬಿಸ್ಕತ್ತಿನ ಡಬ್ಬಿ, ಒಲೆಯ ಕೆಳಗಿನ ಪೆನ್ಸಿಲ್, ಮೂರು ತಾಸು. ಹೊಟ್ಟೆಯ ವಿಷಯ. ಬೆಕ್ಕು ದೂರ ಹೋಗಿ ಕೂತದ್ದು. ಫೋನಿನ ಆ ತುದಿಯಲ್ಲಿ ನರ್ಸಮ್ಮ ಉಸಿರೆಳೆದದ್ದು ಕೇಳಿಸಿತು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು ಎಂಬಲ್ಲಿಗೆ ಬಂದಾಗ ಉಬಾ, ಇಟ್ಟುಕೊಂಡೆ ಎಂದು ಓದಲಿಲ್ಲ, ನಾನು ಬರೆದ ಹಾಗೆ ಇಟ್ಟುಕೊಂಡಳು ಎಂದೇ ಓದಿದಳು, ಯಾರೋ ಬೇರೆಯವಳ ಹಾಗೆ. ಕೊನೆಯ ಸಾಲನ್ನೂ ಓದಿದಳು. ಬ್ರೇಕು ಸರಿಯಾಗಿ ಬಿದ್ದಿರಲಿಲ್ಲ. ತಪ್ಪು ಇವಳದು.

ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

"ಸುಳ್ಳು," ಅಂದೆ ನಾನು. "ಸರ್, ಆ ಕೊನೇ ಸಾಲು ಸುಳ್ಳು. ಬ್ರೇಕು ತೆಗ್ದಿದ್ದು ನಾನು. ಡಬ್ಬಿ ಹತ್ರ ಹೋಗೋಕೆ ನಾನೇ ತೆಗ್ದೆ. ಅವಳು ಹಾಕಿದ ಬ್ರೇಕು ಒಂದು ದಿನಾನೂ ತಪ್ಪಿಲ್ಲ."

ಅಧಿಕಾರಿ ಏನೋ ಟೈಪು ಮಾಡುತ್ತಿದ್ದದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ, ಇಷ್ಟು ಸಾಕು, ತೀರ್ಪು ಅಂಚೆಯಲ್ಲಿ ಬರುತ್ತದೆ ಅಂದ.

ಫೋನು ಇಟ್ಟ ಮೇಲೆ ಇಬ್ಬರೂ ಕೂತಿದ್ದೆವು. ಕ್ಷಮಿಸು ಅಂದೆ. ಇಂಗ್ಲಿಷಿನಲ್ಲಿ ಬರಲಿಲ್ಲ, ಅಡುಗೆಮನೆಯ ಫ್ರೆಂಚಿನಲ್ಲೇ ಬಂತು. ಉಬಾ ಎದ್ದು, ನನ್ನ ಕುರ್ಚಿಯ ಬ್ರೇಕು ಒಮ್ಮೆ ಅಲ್ಲಾಡಿಸಿ ನೋಡಿ, ಹೋಟೆಲಿಗೆ ಹೊತ್ತಾಯಿತು ಎಂದು ಹೋದಳು.

ಏಪ್ರಿಲ್ 25, ಗುರುವಾರ

ತೀರ್ಪು ಬಂತು. ನಲವತ್ತೆರಡು ಅಲ್ಲ, ನಲವತ್ತೊಂಬತ್ತು. ಮಧ್ಯಾಹ್ನಕ್ಕೂ ಒಂದು ತಾಸು ಕೊಟ್ಟಿದ್ದಾರೆ. ನಂಬಿಕೆಯೇ ಬರಲಿಲ್ಲ. ಈ ಸಲ ಓದಲು ಯಾರೂ ಇರಲಿಲ್ಲ, ಜಿಸೆಲ್ ಬರುವವರೆಗೆ ಕಾಗದವನ್ನು ಎದೆಗೊತ್ತಿಕೊಂಡು ಕೂತಿದ್ದೆ. ಅವಳೂ ಅದೇ ಓದಿದಳು.

ಸಂಜೆ ಉಬಾಳಿಗೆ ಫೋನು ಮಾಡಿದೆ. ಒಂದೇ ಸಲಕ್ಕೆ. ತೀರ್ಪು ಹೇಳಿದೆ, ಬಾ ಅನ್ನಲಿಲ್ಲ. ಮಧ್ಯಾಹ್ನದ ಆ ತಾಸಿಗೆ ಯಾರನ್ನು ಇಟ್ಟುಕೊಳ್ಳುತ್ತೀರಿ ಎಂದು ಅವಳೇ ಕೇಳಿದಳು. ಇನ್ನೂ ನೋಡಿಲ್ಲ ಅಂದೆ. ಆ ಜೋಳಿಗೆ ಬದಲಿಸಿದ್ದೀರಾ ಎಂ‌ದು ಕೇಳಿದಳು. ಇಲ್ಲ ಅಂದೆ. ಸೋಮವಾರ ಬಂದು ನೋಡುತ್ತೇನೆ ಅಂದಳು.

ಏಪ್ರಿಲ್ 29, ಸೋಮವಾರ

ಹೊಸ ಜೋಳಿಗೆ ಬೇಕೆಂದು ಕಚೇರಿಗೆ ಬರೆದು ಹಾಕಿದೆವು. ಇನ್ನು ಬೆಳಗ್ಗೆ ಏಳಕ್ಕೆ ಬರುತ್ತೇನೆ, ಆಮೇಲೆ ಹೋಟೆಲಿಗೆ ಹೋಗುತ್ತೇನೆ ಅಂದಳು ಉಬಾ. ಪಟ್ಟಿ ಫ್ರಿಜ್ಜಿನ ಮೇಲೇ ಇದೆ. ಇಪ್ಪತ್ಮೂರಕ್ಕೆ ನಾನು ಗೀಟು ಎಳೆದೆ. ಪೆನ್ನು ಕೊಡಿ ಎಂದು ಇಸಕೊಂಡು ಇಪ್ಪತ್ತೊಂದಕ್ಕೆ ಅವಳೇ ಎಳೆದಳು.

ಮೇ 2, ಗುರುವಾರ

ಉಬಾ ಏಳು ಒಂಬತ್ತಕ್ಕೆ ಬಂದಳು. ಯಾಕೆ ತಡವಾಯಿತು ಎಂದು ಕೇಳಿದೆ. ಹಾಸಿಗೆಯ ಅಂಚಿನಲ್ಲಿ ಕೂತು, ಹಬೊ, ಅಂತ ಶುರುಮಾಡಿ ಎಲ್ಲ ಹೇಳಿದಳು.

ಅದನ್ನು ಇಲ್ಲಿ ಬರೆಯುವುದಿಲ್ಲ.